ಮುಳುಗಿದವನಿಗೂ ಚಳಿಯುಂಟು

ಮಂಡ್ಯ ಸೀಮೆಯ ಬೀಗರ ಊಟ ಎಂದರೆ ಎರಡು ಕಡೆ ಪಂಕ್ತಿ. ಒಂದು ಮನೆಯ ಮುಂದಿನ ಶಾಮಿಯಾನದ ಕೆಳಗೆ: ಉದ್ದನೆಯ ಟೇಬಲ್ಲು, ಅದರ ಮೇಲೆ ಹಾಸಿದ ಪೇಪರ್ ರೋಲು, ಬಾಳೆಲೆ, ಹಬೆಯಾಡುವ ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು. ಇನ್ನೊಂದು ಮನೆಯ ಹಿಂದಿನ ತೆಂಗಿನ ತೋಟದಲ್ಲಿ, ಡಿಕ್ಕಿ ತೆಗೆದು ನಿಲ್ಲಿಸಿದ ಕಾರಿನ ಸುತ್ತ. ಅಲ್ಲಿ ಎಲೆ ಇಲ್ಲ, ಪ್ಲಾಸ್ಟಿಕ್ ಲೋಟಗಳಿವೆ. ಡಿಕ್ಕಿಯಲ್ಲಿ ಏನಿದೆ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ.

ಆ ಗುಂಪಿನ ಅಂಚಿನಲ್ಲಿ ಒಬ್ಬ ನಿಂತಿದ್ದಾನೆ. ಕುಡಿತ ಬಿಟ್ಟು ಐದು ತಿಂಗಳಾಗಿದೆ. ಕೈಯಲ್ಲಿ ಬರೀ ಸೋಡಾ. ಭಾಮೈದ ಬಂದು ಹೆಗಲ ಮೇಲೆ ಕೈ ಹಾಕುತ್ತಾನೆ. "ಒಂದೇ ಒಂದು, ಭಾವ. ಮಗಳ ಬೀಗರೂಟದಲ್ಲೂ ಮುಟ್ಟಾಕಿಲ್ಲ ಅಂದ್ರೆ ಹೆಂಗೆ? ಬೀಗ್ರು ಏನಂದ್ಕೊಂಡಾರು?"

ಅವನು ಕುಡಿಯುತ್ತಾನೆ. ಒಂದು ಲೋಟ, ಅಷ್ಟೇ. ಗಂಟಲು ಉರಿಯುತ್ತದೆ. ಆಮೇಲೆ ಎರಡು ನಿಮಿಷ ತೆಂಗಿನ ಮರಕ್ಕೆ ಒರಗಿ ಸುಮ್ಮನೆ ನಿಲ್ಲುತ್ತಾನೆ. ಆ ಎರಡು ನಿಮಿಷದಲ್ಲಿ ತಲೆಯೊಳಗೆ ಒಂದು ಮಾತು ತಿರುಗುತ್ತದೆ: ಹೋಯ್ತು, ಐದು ತಿಂಗಳು ನೀರಲ್ಲಿ ಹೋಮ ಆಯ್ತು, ಇನ್ನೇನಿದೆ ಉಳಿಸ್ಕೊಳ್ಳೋಕೆ. ಲೋಟ ಮತ್ತೆ ಮುಂದೆ ಚಾಚುತ್ತದೆ. ಭಾನುವಾರ ಶುರುವಾದದ್ದು ಬುಧವಾರ ರಾತ್ರಿಯವರೆಗೂ ನಡೆಯುತ್ತದೆ. ಗುರುವಾರ ಬೆಳಿಗ್ಗೆ ಮನೆಯಲ್ಲಿ ಕಾಫಿ ಸಿಗುತ್ತದೆ, ಮಾತು ಸಿಗುವುದಿಲ್ಲ.

ಊರು ಇದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತದೆ: "ಬಿಟ್ಟಿದ್ದ, ಮತ್ತೆ ಹಿಡಿದ." ಆ ಸಾಲಿನಲ್ಲಿ ಕಾಣೆಯಾಗಿರುವುದು ಮರಕ್ಕೆ ಒರಗಿ ನಿಂತ ಎರಡು ನಿಮಿಷ. ಕಳೆದ ಐವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರಜ್ಞರು ತಲೆ ಕೆಡಿಸಿಕೊಂಡಿರುವುದು ಹೆಚ್ಚಾಗಿ ಅದರ ಬಗ್ಗೆಯೇ.

ಜಾರಿದ್ದು ಬೇರೆ, ಉರುಳಿದ್ದು ಬೇರೆ

ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆಲನ್ ಮಾರ್ಲಾಟ್ ಎಂಬ ಪ್ರಾಧ್ಯಾಪಕರಿದ್ದರು. 2011ರಲ್ಲಿ ತೀರಿಕೊಂಡರು. ಕುಡಿತ, ಸಿಗರೇಟು, ಹೆರಾಯಿನ್ ಬಿಟ್ಟವರು ಮತ್ತೆ ಅದಕ್ಕೇ ಮರಳುವುದು ಯಾಕೆ ಎಂಬುದೇ ಅವರ ಬದುಕಿನ ಕೆಲಸ. 1985ರಲ್ಲಿ ಜುಡಿತ್ ಗಾರ್ಡನ್ ಜೊತೆ ಸೇರಿ ಅವರು ತಂದ ಪುಸ್ತಕ ಇಂದಿಗೂ ವ್ಯಸನ ಚಿಕಿತ್ಸೆಯ ಪಾಠಗಳಿಗೆ ಬುನಾದಿ.

ಅವರು ಮಾಡಿದ ಮೊದಲ ಕೆಲಸ, ಎಲ್ಲರೂ ಒಂದೇ ಎಂದುಕೊಂಡಿದ್ದನ್ನು ಎರಡಾಗಿ ಒಡೆದದ್ದು. ಬಿಟ್ಟವನು ಒಂದು ಸಲ ಕುಡಿದರೆ ಅದು ಜಾರಿದ್ದು. ಹಳೆಯ ಪ್ರಮಾಣಕ್ಕೆ, ಹಳೆಯ ದಿನಚರಿಗೆ ಮರಳಿದರೆ ಅದು ಉರುಳಿದ್ದು. ಜಾರಿದವರೆಲ್ಲ ಉರುಳುವುದಿಲ್ಲ. ಕೆಲವರು ಪಕ್ಕದ ಕೊಂಬೆ ಹಿಡಿದು ನಿಲ್ಲುತ್ತಾರೆ. ಹಾಗಾದರೆ ಉರುಳುವವರನ್ನು ತಳ್ಳುವುದು ಯಾವುದು?

ಮದ್ಯದ ರಾಸಾಯನಿಕ ಗುಣ ಒಂದೇ ಎಂದರೆ ಮಾರ್ಲಾಟ್ ಒಪ್ಪುತ್ತಿರಲಿಲ್ಲ. ಮೊದಲ ಲೋಟದ ನಂತರ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಕಾರಣವೇ ಮುಖ್ಯ ಎಂಬುದು ಅವರ ವಾದ. "ಭಾಮೈದ ಬಲವಂತ ಮಾಡಿದ, ನಾನು ಆ ತೋಟಕ್ಕೆ ಹೋಗಬಾರದಿತ್ತು" ಎಂದುಕೊಂಡವನಿಗೆ ಮುಂದಿನ ಸಲ ತಿದ್ದಿಕೊಳ್ಳಲು ಏನೋ ಸಿಗುತ್ತದೆ. "ನಾನೇ ಇಷ್ಟು, ನನ್ನ ಹಣೆಬರಹವೇ ಇಷ್ಟು" ಎಂದುಕೊಂಡವನಿಗೆ ತಿದ್ದಲು ಏನೂ ಉಳಿಯುವುದಿಲ್ಲ. ಅವನು ಕುಡಿಯುತ್ತಾನೆ. ಅಪರಾಧಿ ಭಾವ ಹೆಚ್ಚಿದಷ್ಟೂ ಅದನ್ನು ಮರೆಯಲು ಗೊತ್ತಿರುವ ಔಷಧಿಯೂ ಅದೇ ಲೋಟ ತಾನೇ.

ಇದಕ್ಕೆ ಮಾರ್ಲಾಟ್ ಇಟ್ಟ ಇಂಗ್ಲಿಷ್ ಹೆಸರು ಬಾಯಲ್ಲಿ ತಿರುಗುವಂಥದ್ದಲ್ಲ. ನಮಗೆ ಅದು ಬೇಕಾಗಿಯೂ ಇಲ್ಲ. ನಮ್ಮ ಅಜ್ಜಿಯರು ಅದನ್ನು ಎಂದೋ ಗುರುತಿಸಿ ಗಾದೆ ಮಾಡಿದ್ದರು: ಮುಳುಗಿದವನಿಗೆ ಚಳಿಯೇನು, ಮಳೆಯೇನು. ಸಾಲದಲ್ಲಿ ಮುಳುಗಿದವನು ಇನ್ನಷ್ಟು ಸಾಲ ಮಾಡುವಾಗ, ಪರೀಕ್ಷೆಯಲ್ಲಿ ಒಂದು ವಿಷಯ ಹೋದ ಹುಡುಗ ಉಳಿದದ್ದನ್ನೂ ಓದದೆ ಬಿಡುವಾಗ ನಾವು ಈ ಮಾತು ಆಡುತ್ತೇವೆ, ಸ್ವಲ್ಪ ನಗುತ್ತಲೇ. ಆದರೆ ಗಾದೆ ಹೇಳುತ್ತಿರುವುದು ಸುಳ್ಳು ಲೆಕ್ಕ. ಮೊಣಕಾಲುದ್ದ ನೀರಿನಲ್ಲಿ ನಿಂತವನು ತಾನು ಮುಳುಗಿದೆ ಎಂದು ತೀರ್ಮಾನಿಸಿದ್ದೇ ಅಲ್ಲಿನ ಅನಾಹುತ.

ಆಸ್ಪತ್ರೆಯ ಎದುರಿನ ಗೂಡಂಗಡಿ

ಈ ಲೆಕ್ಕವನ್ನು ನಾನೂ ಮಾಡಿದ್ದೇನೆ. ಸಿಗರೇಟು ಬಿಟ್ಟು ಹದಿನಾಲ್ಕು ತಿಂಗಳಾಗಿತ್ತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ, ಹನ್ನೊಂದೂವರೆಗೆ, ಏನೋ ಔಷಧಿ ಚೀಟಿ ಹಿಡಿದು ಹೊರಗೆ ಬಂದೆ. ಮೆಡಿಕಲ್ ಸ್ಟೋರ್ ಪಕ್ಕದಲ್ಲೇ ಗೂಡಂಗಡಿ. ಕಂಬಕ್ಕೆ ಕಟ್ಟಿದ ತೆಂಗಿನ ನಾರಿನ ಹಗ್ಗದ ತುದಿ ಕೆಂಡವಾಗಿ ಹೊಗೆಯಾಡುತ್ತಿತ್ತು. ಒಂದು ಕೊಂಡೆ, ಹಗ್ಗಕ್ಕೆ ತಾಗಿಸಿದೆ, ಎಳೆದೆ. ತಲೆ ತಿರುಗಿತು, ರುಚಿಯೂ ಹತ್ತಲಿಲ್ಲ. ಅರ್ಧಕ್ಕೇ ಎಸೆದೆ.

ನಾನು ಸೋತದ್ದು ಅಲ್ಲಿ ಅಲ್ಲ. ಬೆಳಗಿನ ಜಾವ ಮನೆಗೆ ಹೊರಟಾಗ ಅದೇ ಅಂಗಡಿಯಲ್ಲಿ ಒಂದು ಪ್ಯಾಕ್ ಕೊಂಡೆ. ಆಗ ಆಸೆಯೂ ಇರಲಿಲ್ಲ, ಅಪ್ಪ ಚೇತರಿಸಿಕೊಳ್ಳುತ್ತಿದ್ದಾರೆ ಎಂದು ಡಾಕ್ಟರು ಹೇಳಿಯೂ ಆಗಿತ್ತು. ಪ್ಯಾಕ್ ಕೊಂಡದ್ದು ಒಂದು ಬಗೆಯ ಗುಮಾಸ್ತನ ಪ್ರಾಮಾಣಿಕತೆಯಿಂದ: ಹೇಗೂ ಸೇದಿದೆನಲ್ಲ, ಇನ್ನು "ಬಿಟ್ಟವನು" ಎಂದು ಹೇಳಿಕೊಳ್ಳುವ ಹಕ್ಕಿಲ್ಲ. ಆ ಅರ್ಧ ಸಿಗರೇಟಿನ ಬೆಲೆ ಮುಂದಿನ ಹನ್ನೊಂದು ತಿಂಗಳು.

ಇದೇ ಮನಸ್ಸನ್ನು ಐಸ್‌ಕ್ರೀಮ್ ಇಟ್ಟು ಅಳೆದವರಿದ್ದಾರೆ. 1975ರಲ್ಲಿ ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ ಕಾಲೇಜು ವಿದ್ಯಾರ್ಥಿನಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಆಮೇಲೆ ರುಚಿ ನೋಡುವ ನೆಪದಲ್ಲಿ ಬೇಕಾದಷ್ಟು ಐಸ್‌ಕ್ರೀಮ್ ತಿನ್ನಲು ಬಿಟ್ಟರು. ಊಟದ ಬಗ್ಗೆ ಯಾವ ಪಥ್ಯವೂ ಇಲ್ಲದವರು ಮಿಲ್ಕ್‌ಶೇಕ್ ಕುಡಿದ ಮೇಲೆ ಐಸ್‌ಕ್ರೀಮ್ ಕಡಿಮೆ ತಿಂದರು. ಹೊಟ್ಟೆ ತುಂಬಿತ್ತು, ಸಹಜ. ಪಥ್ಯದಲ್ಲಿದ್ದವರು ಉಲ್ಟಾ: ಮಿಲ್ಕ್‌ಶೇಕ್ ಕುಡಿದ ಮೇಲೆ ಹೆಚ್ಚು ತಿಂದರು. ಪಥ್ಯ ಕೆಟ್ಟಾಯಿತಲ್ಲ! ಹರ್ಮನ್ ಮತ್ತು ಅವರ ಸಹೋದ್ಯೋಗಿ ಜಾನೆಟ್ ಪೊಲಿವಿ ಮುಂದೆ ಇದಕ್ಕೆ ಇಟ್ಟ ಹೆಸರನ್ನು ಕನ್ನಡಕ್ಕೆ ತಂದರೆ "ಹಾಳಾಗಿ ಹೋಗಲಿ ಪರಿಣಾಮ" ಎನ್ನಬಹುದು. ಯುಗಾದಿಯ ಹೋಳಿಗೆ ಒಂದು ತಿಂದ ಸಕ್ಕರೆ ಕಾಯಿಲೆಯವರು ಅದೇ ಮಧ್ಯಾಹ್ನ ನಾಲ್ಕು ತಿನ್ನುವುದು ಏಕೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ.

ಹುಲ್ಲು ಮುಚ್ಚಿದ ಕಾಲುದಾರಿ

ಸರಿ, ಎರಡನೆಯ ಲೋಟದ ಕತೆ ಅದಾಯಿತು. ಐದು ತಿಂಗಳಾದ ಮೇಲೂ ಮೊದಲನೆಯದಕ್ಕೆ ಕೈ ಚಾಚುವುದೇಕೆ?

ಪಾವ್ಲೊವ್‌ನ ನಾಯಿ ಶಾಲೆಯ ಪುಸ್ತಕದಿಂದ ನಮಗೆಲ್ಲ ಪರಿಚಯ. ಸದ್ದು ಮಾಡಿ ಊಟ ಕೊಟ್ಟು ರೂಢಿಸಿದರೆ, ಕೊನೆಗೆ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ. ಕತೆಯ ಎರಡನೆಯ ಭಾಗವನ್ನು ಶಾಲೆಯಲ್ಲಿ ಹೇಳಲಿಲ್ಲ. ಊಟ ಕೊಡದೆ ಸದ್ದನ್ನಷ್ಟೇ ಮತ್ತೆ ಮತ್ತೆ ಮಾಡಿದಾಗ ಜೊಲ್ಲು ನಿಂತುಹೋಯಿತು. ನಾಯಿ ಮರೆತಿತು ಎಂದುಕೊಂಡು ಸ್ವಲ್ಪ ಹೊತ್ತು ಬಿಟ್ಟು ಬಂದು ಸದ್ದು ಮಾಡಿದರೆ, ಜೊಲ್ಲು ಮತ್ತೆ ಬಂತು! ಅಂದರೆ ಅದು ಏನನ್ನೂ ಮರೆತಿರಲಿಲ್ಲ. ಹಳೆಯ ಪಾಠದ ಮೇಲೆ ಇನ್ನೊಂದು ಪಾಠ ಕಲಿತಿತ್ತು, ಕೆಳಗಿನದು ಹಾಗೇ ಇತ್ತು.

ಮಲೆನಾಡಿನವರಿಗೆ ಇದು ಬೇಗ ಅರ್ಥವಾಗುತ್ತದೆ. ತೋಟದಲ್ಲಿ ನಡೆದಾಡುವುದನ್ನು ಬಿಟ್ಟ ಕಾಲುದಾರಿ ಒಂದು ಮಳೆಗಾಲದಲ್ಲಿ ಹುಲ್ಲಿನಲ್ಲಿ ಮುಚ್ಚಿಹೋಗುತ್ತದೆ. ಎರಡು ದಿನ ದನ ಓಡಾಡಿದರೆ ಸಾಕು, ಮತ್ತೆ ಅದೇ ತಿರುವು, ಅದೇ ಜಾಗದಲ್ಲಿ ತೆರೆದುಕೊಳ್ಳುತ್ತದೆ.

ಆ ಹುಲ್ಲನ್ನು ತುಳಿಯುವುದು ಹೆಚ್ಚಾಗಿ ಜಾಗ ಮತ್ತು ಜನ. ಇದನ್ನು ಬಯಲಿಗೆ ತಂದದ್ದು ವಿಯೆಟ್ನಾಂ ಯುದ್ಧ. ಅಲ್ಲಿದ್ದ ಅಮೆರಿಕದ ಸೈನಿಕರಿಗೆ ಹೆರಾಯಿನ್ ಅಗ್ಗವಾಗಿ ಸಿಗುತ್ತಿತ್ತು. 1971ರಲ್ಲಿ ಮರಳುತ್ತಿದ್ದವರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದಾಗ ಸುಮಾರು ಶೇ 20ರಷ್ಟು ಮಂದಿ ಅಲ್ಲಿದ್ದಾಗ ತಾವು ವ್ಯಸನಿಗಳಾಗಿದ್ದೆವು ಎಂದರು. ಇವರೆಲ್ಲ ಊರಿಗೆ ಬಂದರೆ ಗತಿಯೇನು ಎಂದು ಸರ್ಕಾರ ಹೆದರಿತ್ತು. ಆದರೆ ಹಾಗೆ ವ್ಯಸನಿಗಳಾಗಿದ್ದವರಲ್ಲಿ ಮರಳಿದ ಮೊದಲ ವರ್ಷ ಮತ್ತೆ ವ್ಯಸನಕ್ಕೆ ಬಿದ್ದವರು ಸುಮಾರು ಶೇ 5, ಮೂರು ವರ್ಷದಲ್ಲಿ ಶೇ 12 ಮಾತ್ರ. ಹೆದರಿಕೆ, ಬೇಸರ, ಬಂದೂಕು, ಜೊತೆಗಾರರು, ಮಾರುವವರು ಎಲ್ಲ ಸಮುದ್ರದಾಚೆ ಉಳಿದಿದ್ದರು. ಊರಿನಲ್ಲೇ ಹೆರಾಯಿನ್ ಕಲಿತು, ಆಸ್ಪತ್ರೆಯಲ್ಲಿ ಬಿಡಿಸಿಕೊಂಡು, ಮತ್ತೆ ಅದೇ ಬೀದಿಗೆ ಮರಳುತ್ತಿದ್ದವರಿಗೆ ಆ ಅದೃಷ್ಟ ಇರಲಿಲ್ಲ.

ವಿಯೆಟ್ನಾಂವರೆಗೆ ಹೋಗಬೇಕಾಗಿಯೂ ಇಲ್ಲ. ನವೆಂಬರ್ ಬಂದರೆ ನಮ್ಮ ಬೀದಿಗಳಲ್ಲಿ ಕಪ್ಪು ಪಂಚೆ, ತುಳಸಿ ಮಾಲೆ. ದಿನಕ್ಕೊಂದು ಕ್ವಾರ್ಟರ್ ಇಲ್ಲದೆ ಮಲಗದವನು 41 ದಿನ ಮುಟ್ಟದೆ ಇರುತ್ತಾನೆ. ಮಾಲೆ ಹಾಕಿದ್ದೇ ಅವನ ಸುತ್ತಲಿನ ಲೋಕ ಬದಲಾಗುತ್ತದೆ. ಬೆಳಗಿನ ತಣ್ಣೀರ ಸ್ನಾನ, ಬರಿಗಾಲು, ಸಂಜೆಯ ಭಜನೆ. ನಿನ್ನೆಯವರೆಗೆ "ಬಾರಲೇ" ಎನ್ನುತ್ತಿದ್ದವರೇ ಇಂದು "ಸ್ವಾಮಿ" ಎನ್ನುತ್ತಾರೆ. ಯಾರೂ ಲೋಟ ಚಾಚುವುದಿಲ್ಲ, ಚಾಚಿದವನನ್ನೇ ಊರು ಬೈಯುತ್ತದೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಮರುದಿನ ಆ ಲೋಕ ಕಳಚಿ ಬೀಳುತ್ತದೆ. ಅವನನ್ನು ವೈನ್‌ಶಾಪಿನ ಮುಂದೆ ಕಂಡವರು "ಭಕ್ತಿ ಅಷ್ಟೇ" ಎಂದು ಆಡಿಕೊಳ್ಳುತ್ತಾರೆ. ನನಗನ್ನಿಸುವುದು, ಅವನಿಗೆ ಬಿಡುವ ಶಕ್ತಿ ಇದೆ ಎಂಬುದಕ್ಕೆ 41 ದಿನದ ಸಾಕ್ಷಿ ಇದೆ. ಇಲ್ಲದ್ದು 42ನೆಯ ದಿನದ ಏರ್ಪಾಡು. (ತೀರಾ ಹೆಚ್ಚು ಕುಡಿಯುವವರು ಮಾಲೆಗೆಂದು ಒಂದೇ ಏಟಿಗೆ ನಿಲ್ಲಿಸುವುದರ ಅಪಾಯವನ್ನು ಮುಂದೆ ಹೇಳುತ್ತೇನೆ.)

ಮೊಸರು ತರಲು ಹೋದವನು

ಬಿಟ್ಟವರು ಮತ್ತೆ ಮುಟ್ಟಿದ ಆ ಮೊದಲ ಗಳಿಗೆಯ 311 ಪ್ರಸಂಗಗಳನ್ನು ಮಾರ್ಲಾಟ್ ತಂಡ ಕೂಡಿಹಾಕಿ ವಿಂಗಡಿಸಿತು. ಶೇ 35ರಷ್ಟರಲ್ಲಿ ಮನಸ್ಸು ಕೆಟ್ಟಿತ್ತು: ಬೇಸರ, ಸಿಟ್ಟು, ಒಂಟಿತನ. ಶೇ 20ರಲ್ಲಿ ಭಾಮೈದನಂಥವರ ಒತ್ತಾಯ. ಶೇ 16ರಲ್ಲಿ ಜಗಳ, ಮನೆಯದೋ ಕಚೇರಿಯದೋ. ಈ ಮೂರೇ ಸೇರಿ ಮುಕ್ಕಾಲು ಪಾಲಿನ ಹತ್ತಿರ. ಆಸೆ ತಡೆಯಲಾರದೆ ಕುಡಿದೆ ಎಂಬುದಕ್ಕಿಂತ ಹೆಂಡತಿಯ ಜೊತೆ ಮಾತಿಗೆ ಮಾತು ಬೆಳೆದು ಚಪ್ಪಲಿ ಮೆಟ್ಟಿ ಹೊರಟೆ ಎಂಬುದೇ ಹೆಚ್ಚು ಕಡೆ ಇರುವ ಕತೆ.

ಇನ್ನೊಂದು ಬಗೆಯೂ ಇದೆ, ಅದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ, ಬರಬಾರದು. ಮಾರ್ಲಾಟ್ ಹೇಳುತ್ತಿದ್ದ ಪ್ರಸಂಗ. ಜೂಜು ಬಿಟ್ಟಿದ್ದ ಒಬ್ಬಾತ ಹೆಂಡತಿಯೊಂದಿಗೆ ಕಾರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸಿಯಾಟಲ್‌ಗೆ ಹೊರಟಿದ್ದ. ನೇರ ದಾರಿ ಬಿಟ್ಟು ಬೆಟ್ಟ, ಸರೋವರ ನೋಡಿಕೊಂಡು ಹೋಗೋಣ ಎಂದ. ಆ ದಾರಿಯಲ್ಲಿ ಸಿಗುವುದು ಜೂಜುಕಟ್ಟೆಗಳ ಊರು ರೀನೊ. ಅಲ್ಲಿ ಕಾರು ನಿಲ್ಲಿಸಿದ. ಪಾರ್ಕಿಂಗ್ ಯಂತ್ರಕ್ಕೆ ಚಿಲ್ಲರೆ ಬೇಕಾಯಿತು. ಚಿಲ್ಲರೆ ಕೇಳಲು ಹತ್ತಿರದ ಬಾಗಿಲಿಗೆ ನುಗ್ಗಿದ. ಅದು ಕ್ಯಾಸಿನೊ. ಒಂದೊಂದು ತಿರುವಿನಲ್ಲೂ ಆತನ ಬಳಿ ಮರ್ಯಾದಸ್ಥ ಕಾರಣವಿತ್ತು.

ನಮ್ಮಲ್ಲಿ ರೀನೊ ಇಲ್ಲ. ಬಾರಿನ ಪಕ್ಕದ ಅಂಗಡಿಯಲ್ಲಿ ಮೊಸರು ಚೆನ್ನಾಗಿರುತ್ತದೆ ಎಂದು ಎರಡು ಬೀದಿ ದಾಟಿ ಹೋಗುವವರಿದ್ದಾರೆ. "ಬಂದವರಿಗೆ ಬೇಕಾಗುತ್ತೆ" ಎಂದು ಬೀರುವಿನ ಮೇಲೆ ಒಂದು ಬಾಟಲಿ ಇಟ್ಟವರಿದ್ದಾರೆ. ಹಳೆಯ ಗೆಳೆಯರ ಇಸ್ಪೀಟಿಗೆ "ಸುಮ್ಮನೆ ನೋಡೋಕೆ" ಹೋಗುವವರಂತೂ ಎಲ್ಲ ಊರಲ್ಲೂ. ಜಾರುವಿಕೆ ಲೋಟ ಮುಟ್ಟಿದಾಗ ಶುರುವಾಗುವುದಿಲ್ಲ. ಮೊಸರಿನ ಪಾತ್ರೆ ಹಿಡಿದು ಎಡಕ್ಕೆ ತಿರುಗಬೇಕಾದಲ್ಲಿ ಬಲಕ್ಕೆ ತಿರುಗಿದಾಗಲೇ ಶುರುವಾಗಿರುತ್ತದೆ.

ಅಕ್ರನ್‌ನ ಡಾಕ್ಟರು

1935ರ ಮೇ ತಿಂಗಳು. ಅಮೆರಿಕದ ಒಹಾಯೊ ರಾಜ್ಯದ ಅಕ್ರನ್ ಪಟ್ಟಣಕ್ಕೆ ನ್ಯೂಯಾರ್ಕಿನಿಂದ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವನು ಬಂದಿದ್ದ. ಬಂದ ಕೆಲಸ ಕೆಟ್ಟಿತ್ತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಅವನಿಗೆ ಹೋಟೆಲಿನ ಬಾರ್ ಕರೆಯುತ್ತಿತ್ತು. ಇನ್ನೊಬ್ಬ ಕುಡುಕನ ಜೊತೆ ಮಾತಾಡಿದರೆ ಉಳಿದೇನು ಎಂದುಕೊಂಡು ಅವರಿವರಿಗೆ ಫೋನ್ ಮಾಡಿ ಹುಡುಕಿದಾಗ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಊರಿನ ಶಸ್ತ್ರವೈದ್ಯರು, ವಿಪರೀತ ಕುಡಿಯುತ್ತಿದ್ದವರು. ಹದಿನೈದು ನಿಮಿಷಕ್ಕೆಂದು ಬಂದ ಡಾಕ್ಟರು ಆರು ಗಂಟೆ ಕೂತರು. ಕುಡಿತ ಬಿಟ್ಟರು.

ಮೂರ್ನಾಲ್ಕು ವಾರದಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ವೈದ್ಯರ ಸಮ್ಮೇಳನ. ಡಾಕ್ಟರು ಹೊರಟರು, ದಾರಿಯಲ್ಲೇ ಕುಡಿಯತೊಡಗಿದರು, ಕೆಲವು ದಿನ ಎಲ್ಲಿದ್ದಾರೆಂದೇ ಮನೆಗೆ ತಿಳಿಯಲಿಲ್ಲ. ವಾಪಸು ತಂದು ಮಲಗಿಸಿದಾಗ ಗೊತ್ತಾಯಿತು, ಸದ್ಯದಲ್ಲೇ ಅವರೊಂದು ಆಪರೇಷನ್ ಮಾಡಬೇಕಿದೆ. ಆ ಬೆಳಿಗ್ಗೆ ಕೈ ನಡುಗುತ್ತಿತ್ತು. ಬಿಲ್ಲೇ ಅವರಿಗೆ ಒಂದು ಬಾಟಲಿ ಬಿಯರ್ ಕುಡಿಸಿ ಕಳಿಸಿದ. ಆಪರೇಷನ್ ಮುಗಿಯಿತು. ಡಾಕ್ಟರು ಮನೆಗೆ ಬರಲಿಲ್ಲ, ಗಂಟೆಗಳು ಕಳೆದವು. ಮನೆಯವರು ಏನೆಂದುಕೊಂಡಿರಬೇಕು ಎಂದು ಊಹಿಸುವುದು ಕಷ್ಟವಲ್ಲ. ಅವರು ತಾನು ನೋಯಿಸಿದವರ, ಸಾಲ ಉಳಿಸಿಕೊಂಡವರ ಮನೆಮನೆಗೆ ಹೋಗಿ ತಪ್ಪೊಪ್ಪಿಕೊಂಡು ಬರುತ್ತಿದ್ದರು.

ಆ ಬಿಯರೇ ಕೊನೆಯದು. 1950ರಲ್ಲಿ ಸಾಯುವವರೆಗೂ ಮತ್ತೆ ಮುಟ್ಟಲಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಬಳಗ ಹುಟ್ಟಿದ್ದು ಹೀಗೆ. ಬೆಂಗಳೂರಿನಲ್ಲೂ ಅದರ ಸಭೆಗಳು ಕನ್ನಡದಲ್ಲಿ ನಡೆಯುತ್ತವೆ. ಗಮನಿಸಬೇಕಾದ್ದು, ಆ ಬಳಗ ತನ್ನ ಹುಟ್ಟುಹಬ್ಬ ಆಚರಿಸುವುದು ಇಬ್ಬರೂ ಭೇಟಿಯಾದ ಮೇ ತಿಂಗಳಲ್ಲಿ ಅಲ್ಲ, ಡಾಕ್ಟರು ಜಾರಿ ಎದ್ದ ಜೂನ್ 10ರಂದು.

ಅದೇ ಬಳಗದಲ್ಲಿ ದಿನ ಎಣಿಸುವ ಪದ್ಧತಿಯೂ ಇದೆ. ತಿಂಗಳಿಗೆ, ವರ್ಷಕ್ಕೆ ಬಿಲ್ಲೆ ಕೊಡುತ್ತಾರೆ, ಚಪ್ಪಾಳೆ ಹೊಡೆಯುತ್ತಾರೆ. ಲಕ್ಷಾಂತರ ಜನರನ್ನು ಅದು ಹಿಡಿದು ನಿಲ್ಲಿಸಿದೆ, ಒಪ್ಪುತ್ತೇನೆ. ಆದರೆ ಜಾರಿದರೆ ಎಣಿಕೆ ಮತ್ತೆ ಒಂದರಿಂದ. ಈಗ ಫೋನಿನ ಆಪ್‌ಗಳೂ ಹೀಗೇ ಮಾಡುತ್ತವೆ: 412 ಇದ್ದದ್ದು ಒಂದು ಗುಂಡಿ ಒತ್ತಿದರೆ ಸೊನ್ನೆ. ಇದು ನನಗೆ ಕೆಟ್ಟ ಲೆಕ್ಕ ಎನಿಸುತ್ತದೆ. ಕಿರಾಣಿ ಅಂಗಡಿಯವನು ಒಂದು ದಿನ ನಷ್ಟವಾದರೆ ಖಾತೆ ಪುಸ್ತಕವನ್ನು ಒಲೆಗೆ ಹಾಕುವುದಿಲ್ಲ, ಅದೇ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದು ಮುಂದಿನ ಸಾಲಿಗೆ ಹೋಗುತ್ತಾನೆ. 412 ದಿನ ಲಿವರ್ ಪಡೆದ ವಿಶ್ರಾಂತಿ, ಮನೆಗೆ ಉಳಿದ ದುಡ್ಡು ಎಲ್ಲಿಗೂ ಹೋಗಿರುವುದಿಲ್ಲ.

ಎಷ್ಟು ಸಲ?

1971ರಲ್ಲಿ ಹಂಟ್ ಮತ್ತು ಸಂಗಡಿಗರು ಮದ್ಯ, ಸಿಗರೇಟು, ಹೆರಾಯಿನ್ ಬಿಟ್ಟವರ ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಗೆರೆ ಎಳೆದು ನೋಡಿದರು. ಮೂರೂ ಗೆರೆ ಹೆಚ್ಚುಕಡಿಮೆ ಒಂದರ ಮೇಲೊಂದು ಕೂತವು. ಮರಳಿ ಬೀಳುವವರಲ್ಲಿ ಬಹುಪಾಲು ಬೀಳುವುದು ಮೊದಲ ಮೂರು ತಿಂಗಳಲ್ಲಿ, ಆಮೇಲೆ ಗೆರೆ ಚಪ್ಪಟೆಯಾಗುತ್ತದೆ. ಪದಾರ್ಥ ಯಾವುದಾದರೇನು, ಮನುಷ್ಯ ಅದೇ.

ಭಾರತದಲ್ಲಿ 2016–17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯ ಪ್ರಕಾರ ಬೀಡಿ, ಸಿಗರೇಟು ಸೇದುವವರಲ್ಲಿ ಶೇ 38.5ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ಬಿಡಲು ಯತ್ನಿಸಿದ್ದರು. ಇನ್ನು ಯತ್ನಗಳ ಸಂಖ್ಯೆ. ಐದೋ ಆರೋ ಸಲ ಸೋತರೆ ಏಳನೆಯದು ಗೆಲುವು ಎಂಬ ಮಾತು ಹಿಂದೆ ಚಾಲ್ತಿಯಲ್ಲಿತ್ತು. ಕೆನಡಾದ ಒಂಟಾರಿಯೊ ಪ್ರಾಂತದ ಸೇದುವವರನ್ನು ಹಿಂಬಾಲಿಸಿದ ಅಧ್ಯಯನವೊಂದು 2016ರಲ್ಲಿ ಆ ಸಮಾಧಾನವನ್ನೂ ಕಿತ್ತುಕೊಂಡಿತು. ಮರೆತುಹೋದ ಸಣ್ಣಪುಟ್ಟ ಯತ್ನಗಳನ್ನೂ ಸೇರಿಸಿದರೆ ಒಂದು ವರ್ಷ ಪೂರ್ತಿ ಬಿಟ್ಟಿರಲು 30 ಅಥವಾ ಅದಕ್ಕೂ ಹೆಚ್ಚು ಸಲ ಯತ್ನಿಸಬೇಕಾಗಬಹುದು ಎಂಬುದು ಅದರ ಅಂದಾಜು. ಓದಿದಾಗ ಮೊದಲು ಎದೆ ಧಸಕ್ಕೆಂದಿತು. ಆಮೇಲೆ ನನ್ನದೇ ಲೆಕ್ಕ ಹಾಕಿದೆ. ಸೋಮವಾರದಿಂದ, ಒಂದನೇ ತಾರೀಖಿನಿಂದ, ಹುಟ್ಟುಹಬ್ಬದಿಂದ, ಬಜೆಟ್‌ನಲ್ಲಿ ಬೆಲೆ ಏರಿದ ದಿನದಿಂದ... ಇಪ್ಪತ್ತಕ್ಕೆ ಎಣಿಸುವುದು ಬಿಟ್ಟೆ.

ವ್ಯಸನವಲ್ಲದ ಸಂಗತಿಗಳಲ್ಲಿ ನೆಲ ಇಷ್ಟು ಜಾರು ಇರುವುದಿಲ್ಲ. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂಬ ವಾಟ್ಸ್ಆ್ಯಪ್ ಜ್ಞಾನದ ಮೂಲ 1960ರಲ್ಲಿ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಬರೆದ ಪುಸ್ತಕ. ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ತಂಡ 96 ಜನರನ್ನು ನಿಜವಾಗಿ ಗಮನಿಸಿ 2010ರಲ್ಲಿ ಪ್ರಕಟಿಸಿದ್ದು ಬೇರೆಯದೇ ಕತೆ: ಕೆಲವರಿಗೆ 18 ದಿನ, ಕೆಲವರಿಗೆ 254, ನಡುವಿನ ಅಂದಾಜು 66. ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ. ಮಳೆ ಬಂತೆಂದು ಒಂದು ಬೆಳಿಗ್ಗೆ ವಾಕಿಂಗ್ ತಪ್ಪಿಸಿ, ಆಮೇಲೆ ಶೂ ಅನ್ನೇ ಅಟ್ಟಕ್ಕೆ ಎಸೆದವರು ಇದನ್ನು ಎರಡು ಸಲ ಓದಬಹುದು.

ಮನೆಯವರ ಪಾಲು

ಜಾರಿದವನು ಮನೆಗೆ ಬಂದಾಗ ಸಿಗುವ ಮಾತುಗಳು ಬಹುತೇಕ ಮನೆಗಳಲ್ಲಿ ಒಂದೇ. "ನಾಯಿ ಬಾಲ ಡೊಂಕು." "ಹುಟ್ಟುಗುಣ ಸುಟ್ಟರೂ ಹೋಗಲ್ಲ." ಆಡುವವರದು ತಪ್ಪೆನ್ನಲಾರೆ, ಅವರೂ ಐದು ತಿಂಗಳು ಉಸಿರು ಬಿಗಿಹಿಡಿದು ಬದುಕಿದವರು. ಆದರೆ ಮರಕ್ಕೆ ಒರಗಿ ನಿಂತವನು ತನಗೆ ತಾನು ಹೇಳಿಕೊಂಡ ಮಾತಿಗೆ ಇವು ಮನೆಯವರ ಸಹಿ ಹಾಕಿಕೊಡುತ್ತವೆ.

ಹಾಗೆಂದು ಹೆಂಡತಿ ನಗುತ್ತಾ ಕಾಫಿ ಕೊಡಬೇಕು ಎಂದೇನೂ ಅಲ್ಲ. "ಕುಡಿದದ್ದು ಗೊತ್ತು. ನಾಳೆ ಏನು ಮಾಡ್ತೀರಿ?" ಎಂಬ ಗಟ್ಟಿ ಪ್ರಶ್ನೆ ಸಾಕು. ಕುಡಿದು ಬಂದು ಕೈಯೆತ್ತುವವನ ವಿಷಯ ಬೇರೆಯೇ. ಅದಕ್ಕೆ ಈ ಲೇಖನದ ಯಾವ ವಿವರಣೆಯೂ ಸಮಜಾಯಿಷಿ ಆಗುವುದಿಲ್ಲ. ಹೊಡೆತ ತಿನ್ನುವವಳು ಅವನ ಮನಶ್ಶಾಸ್ತ್ರ ಅರ್ಥ ಮಾಡಿಕೊಳ್ಳುತ್ತಾ ಕೂರಬೇಕಾಗಿಲ್ಲ.

ಬಸ್ ಸ್ಟ್ಯಾಂಡಿನ ಗೋಡೆಗಳ ಮೇಲೆ "ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಎಂಬ ಚೀಟಿ ನೋಡಿದ್ದೀರಿ. ಮರೆತುಬಿಡಿ. ಮದ್ಯ ಮುಟ್ಟಿದರೆ ವಾಂತಿ, ಎದೆಬಡಿತ ಬರಿಸುವ ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ, ನಿಜ. ಅದನ್ನು ತಿನ್ನುವವನಿಗೆ ತಿಳಿಯದೆ ಕೊಟ್ಟರೆ ಪ್ರಾಣಕ್ಕೇ ಕುತ್ತು. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಬೇರೆ ಮಾತ್ರೆಗಳೂ ಇವೆ, ಅವೆಲ್ಲ ವೈದ್ಯರ ಕೈಯಲ್ಲಿ. ಇನ್ನೂ ಒಂದು ಅಪಾಯ: ವರ್ಷಗಟ್ಟಲೆ ದಿನವಿಡೀ ಕುಡಿದವರು ಒಂದೇ ಸಲ ನಿಲ್ಲಿಸಿದರೆ ಎರಡು, ಮೂರನೆಯ ದಿನ ಕೈಕಾಲು ನಡುಕ, ಫಿಟ್ಸ್, ಭ್ರಮೆ ಬರಬಹುದು, ಸಾವೂ ಬರಬಹುದು. ಮಾಲೆ ಹಾಕುವ ಮೊದಲು ಆಸ್ಪತ್ರೆ. ಬಹಳ ದಿನ ಬಿಟ್ಟಿದ್ದವರ ದೇಹ ಹಳೆಯ ಪ್ರಮಾಣವನ್ನು ತಾಳುವ ರೂಢಿಯನ್ನು ಕಳೆದುಕೊಂಡಿರುತ್ತದೆ. ಜಾರಿದ ರಾತ್ರಿ ಹಿಂದಿನಷ್ಟೇ ಕುಡಿಯುವುದು ಅದಕ್ಕೇ ಹೆಚ್ಚು ಅಪಾಯ.

ಅಲೆ ಬಂದಾಗ

ಮೂಲ್ಕಿಯ ಕಡಲಲ್ಲಿ ಈಗ ಹುಡುಗರು ಹಲಗೆ ಹಿಡಿದು ಸರ್ಫಿಂಗ್ ಕಲಿಯುತ್ತಾರೆ. ಅಲೆಗೆ ಎದೆಯೊಡ್ಡಿ ನಿಂತರೆ ಅದು ಕೆಡವುತ್ತದೆ, ಅದರ ಬೆನ್ನೇರಿದರೆ ದಡಕ್ಕೆ ತಂದು ಬಿಡುತ್ತದೆ. ಮಾರ್ಲಾಟ್ ತಮ್ಮ ರೋಗಿಗಳಿಗೆ ಹೇಳಿಕೊಟ್ಟದ್ದೂ ಇದನ್ನೇ. ಸೇದಬೇಕು ಎನ್ನುವ ತುಡಿತ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಅದರ ಜೊತೆ ಗುದ್ದಾಡಬೇಡಿ. ಎಲ್ಲಿ ಏರುತ್ತಿದೆ ನೋಡಿ: ಗಂಟಲಲ್ಲೋ, ಬೆರಳ ತುದಿಯಲ್ಲೋ, ಹೊಟ್ಟೆಯಲ್ಲೋ. ಕೆಲವು ನಿಮಿಷದ ಆಟ ಅದು. ನನಗೆ ಅದು ಬರುತ್ತಿದ್ದುದು ಬಲಗೈಯ ತೋರುಬೆರಳು, ನಡುಬೆರಳ ಸಂದಿಯಲ್ಲಿ. ನೋಡುತ್ತಾ ಕೂತರೆ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಇಳಿಯುತ್ತಿತ್ತು.

ಇಳಿಯದೆ ಜಾರಿದರೆ? ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ವೋಲ್ ಮತ್ತಿತರರು ಮೊದಲ ಪರೀಕ್ಷೆಗೆ ಓದದೆ ಕಾಲ ತಳ್ಳಿದ ವಿದ್ಯಾರ್ಥಿಗಳನ್ನು ಗಮನಿಸಿದರು. 2010ರ ಆ ಅಧ್ಯಯನದಲ್ಲಿ, ತಮ್ಮನ್ನು ತಾವು ಕ್ಷಮಿಸಿಕೊಂಡವರೇ ಎರಡನೆಯ ಪರೀಕ್ಷೆಗೆ ಕಡಿಮೆ ಕಾಲ ತಳ್ಳಿದರು. ನಾವು ಬೆಳೆದದ್ದು ಬೆತ್ತ ಬಿಟ್ಟರೆ ಹುಡುಗ ಕೆಟ್ಟ ಎನ್ನುವ ನಂಬಿಕೆಯಲ್ಲಿ. ಹಾಗಾಗಿ ಇದನ್ನು ಒಪ್ಪುವುದು ಸ್ವಲ್ಪ ಕಷ್ಟವೇ.

ಒಂಟಿಯಾಗಿ ಏಳುವುದೂ ಕಷ್ಟ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿಹಳ್ಳಿಗಳಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳು ನಮಗೆ ಗೊತ್ತು, ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಶಿಬಿರ ಮುಗಿದ ಮೇಲೆ ಅಲ್ಲಿಂದ ಹೊರಬಂದವರೇ ಸೇರಿ ಕಟ್ಟಿಕೊಳ್ಳುವ ನವಜೀವನ ಸಮಿತಿಯ ಫೋಟೊ ಅಷ್ಟಾಗಿ ಬರುವುದಿಲ್ಲ. ಹಂಟ್ ಎಳೆದ ಗೆರೆಯನ್ನು ನೆನೆದರೆ ನನಗೆ ಎಂಟು ದಿನಕ್ಕಿಂತ ದೊಡ್ಡದಾಗಿ ಕಾಣುವುದು ಆ ಸಮಿತಿಯೇ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ತಂಬಾಕು ಬಿಡುವವರಿಗೆ 1800-11-2356, ಕುಡಿತ ಮತ್ತು ಮಾದಕ ವಸ್ತುಗಳಿಗೆ 14446, ಮನಸ್ಸು ತೀರಾ ಕುಸಿದಾಗ ಟೆಲಿ ಮಾನಸ್ 14416, ಎಲ್ಲವೂ ಉಚಿತ. ಎರಡನೆಯ, ಹತ್ತನೆಯ ಸಲ ಫೋನ್ ಮಾಡಿದರೂ ಎತ್ತುತ್ತಾರೆ.

ಆ ತೆಂಗಿನ ತೋಟಕ್ಕೆ ಮರಳೋಣ. ಮೊದಲ ಲೋಟ ಮುಗಿದಿದೆ, ಅದನ್ನು ಬದಲಿಸಲಾಗದು. ಭಾಮೈದ ಎರಡನೆಯದನ್ನೂ ಬಗ್ಗಿಸಿ ಕೈಗಿಟ್ಟಿದ್ದಾನೆ. ಇವನು ಮರಕ್ಕೆ ಒರಗಿದ್ದಾನೆ, ತಲೆಯೊಳಗೆ ಅದೇ ಮಾತು ತಿರುಗುತ್ತಿದೆ. ಶಾಮಿಯಾನದ ಕಡೆಯಿಂದ ಯಾರೋ ಎರಡನೇ ಪಂಕ್ತಿಗೆ ಕರೆಯುತ್ತಾರೆ. ಅವನು ಲೋಟವನ್ನು ಮರದ ಬುಡದಲ್ಲಿಟ್ಟು, ಬೀಳದಂತೆ ಪಕ್ಕಕ್ಕೊಂದು ಕಲ್ಲು ಒತ್ತಿ, ಪಂಚೆ ಕೊಡವಿಕೊಂಡು ಆ ಕಡೆ ನಡೆಯುತ್ತಾನೆ. ಬಾಯಿ ವಾಸನೆ ಹೆಂಡತಿಗೆ ಗೊತ್ತಾಗುತ್ತದೆ, ಅವಳು ಬಡಿಸುತ್ತಿದ್ದಾಳೆ. ಅವಳು ಅವನನ್ನೊಮ್ಮೆ ನೋಡಿ, ಆಮೇಲೆ ಎಲೆಯನ್ನು ನೋಡಿ, ಒಂದು ಮುದ್ದೆ ಇಡುತ್ತಾಳೆ.